ಮೊಣಕಾಲಿನೊಳಗಿನ ಲೋಹಕ್ಕೆ ಲೇಪವೊಂದೇ ಕಾವಲಲ್ಲ

ಕಳೆದ ಶ್ರಾವಣ ಮಾಸದಲ್ಲಿ ಗುಳೇದಗುಡ್ಡದ ನಮ್ಮ ಚಿಕಿತ್ಸಾಲಯಕ್ಕೆ ನೇಕಾರ ಮನೆತನದ ಹಿರಿಯ ತಾಯಿಯೊಬ್ಬರು ಮಗನ ಭುಜ ಹಿಡಿದುಕೊಂಡು ಬಂದರು. ಹದಿನಾಲ್ಕು ತಿಂಗಳ ಹಿಂದೆ ಅವರ ಬಲ ಮೊಣಕಾಲಿನ ಕೀಲನ್ನು ಬದಲಿಸಲಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಚೆನ್ನಾಗಿಯೇ ನಡೆದಾಡುತ್ತಿದ್ದ ಅವರಿಗೆ ನಾಲ್ಕು ದಿನಗಳಿಂದ ಮೊಣಕಾಲು ಬಾತುಕೊಂಡಿತ್ತು. ಮುಟ್ಟಿದರೆ ಬಿಸಿ ತಾಗುತ್ತಿತ್ತು. “ಒಳಗಿರೋದು ಕಬ್ಬಿಣ. ಕಬ್ಬಿಣಕ್ಕ ಏನ್ ರೋಗ ಬರ್ತದರೀ? ವಾತ ಇರಬೇಕು. ಎಣ್ಣಿ ಹಚ್ಚಿ ಒಂದೀಟು ಶಾಖಾ ಕೊಡ್ರಿ” ಎಂದರು ಆ ತಾಯಿ. ನಾವು ಎಣ್ಣೆಯ ಬಾಟಲಿಯನ್ನು ಮುಟ್ಟಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಲ್ಲಿಗೆ ಅಂದೇ ಹೊರಡಬೇಕೆಂದು ಹೇಳಿ ಚೀಟಿ ಬರೆದುಕೊಟ್ಟೆವು. ಆಗ ಮಗ ನೊಂದುಕೊಂಡು ಹೇಳಿದ ಮಾತು ಇದು: “ಇದು ಬಂಗಾರದ ಲೇಪದ ಕೀಲು ಸರ. ಸೋಂಕು ತಗಲೂದಿಲ್ಲ ಅಂತ ಯಾರೋ ಹೇಳಿದ್ದಕ್ಕ ಹೆಚ್ಚಿನ ರೊಕ್ಕಾ ಕೊಟ್ಟು ಹಾಕಿಸೇವಿ.”

ಆ ಮಾತೇ ನಮ್ಮನ್ನು ಈ ಲೇಖನಕ್ಕೆ ಹಚ್ಚಿತು. ಇಂದು ನಮ್ಮ ಊರಿನ ಯಾವ ಓಣಿಯನ್ನು ಹೊಕ್ಕರೂ ದೇಹದೊಳಗೆ ಲೋಹವನ್ನು ಧರಿಸಿದವರು ಸಿಗುತ್ತಾರೆ. ಕುಳಿಮಗ್ಗದಲ್ಲಿ ಕುಳಿತು ಆಯುಷ್ಯವಿಡೀ ಕಾಲುಮಣೆ ತುಳಿದ ಹಿರಿಯರಿಗೆ ಕೃತಕ ಕೀಲು, ಬೈಕಿನ ಅಪಘಾತದಲ್ಲಿ ತೊಡೆಯೆಲುಬು ಮುರಿದುಕೊಂಡ ತರುಣರಿಗೆ ಉಕ್ಕಿನ ಸರಳು, ಹಲ್ಲು ಕಳೆದುಕೊಂಡವರಿಗೆ ಟೈಟಾನಿಯಂ ತಿರುಪು, ಕೆಲವರಿಗೆ ಹೃದಯದಲ್ಲಿ ಕೃತಕ ಕವಾಟ. ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿ, ಮಿರಜಗಳಿಗೆ ಹೋಗಿ ಇವನ್ನು ಹಾಕಿಸಿಕೊಂಡು ಬರುವ ಸದ್ಭಕ್ತರಲ್ಲಿ ಎರಡು ನಂಬಿಕೆಗಳು ಬೇರೂರಿವೆ. ಲೋಹಕ್ಕೆ ನಂಜೇರುವುದಿಲ್ಲ ಎಂಬುದು ಒಂದು. ಮೇಲೆ ಒಳ್ಳೆಯ ಲೇಪವಿದ್ದರೆ ಮುಂದೆ ಚಿಂತೆಯೇ ಇಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು. ಲೇಪಗಳ ವಿಜ್ಞಾನವು ನಿಜವಾದ ವಿಜ್ಞಾನವೇ ಆಗಿದೆ, ಅದರಿಂದ ಉಪಕಾರವೂ ಆಗಿದೆ. ಆದರೆ ರೋಗಿಯೂ ಮನೆಯವರೂ ನಮ್ಮಂಥ ಊರವೈದ್ಯರೂ ತಮ್ಮ ತಮ್ಮ ಎಚ್ಚರವನ್ನು ಕೈಬಿಟ್ಟರೆ ಯಾವ ಲೇಪವೂ ಆ ಕೀಲನ್ನು ಕಾಯಲಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ರೇಷ್ಮೆಯ ಎಳೆ ಕಲಿಸಿದ ಪಾಠ

ಹೊರಗಿನ ವಸ್ತುವೊಂದು ಮೈಯೊಳಗೆ ನಿಂತರೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ನಮ್ಮ ಊರಿನ ಅನ್ನದ ಮೂಲವಾದ ರೇಷ್ಮೆಯೇ. 1957ರಲ್ಲಿ ಇಂಗ್ಲೆಂಡಿನ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ಸಂಶೋಧಕರು ತಾವಾಗಿ ಮುಂದೆ ಬಂದ ಆರೋಗ್ಯವಂತರ ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಚುಚ್ಚಿ ನೋಡಿದರು. ಬರಿಯ ಚರ್ಮದಲ್ಲಿ ಕೀವು ಕಟ್ಟಬೇಕಾದರೆ ಹತ್ತಾರು ಲಕ್ಷ ಬ್ಯಾಕ್ಟೀರಿಯಾಗಳು ಬೇಕಾದವು. ಅದೇ ಜಾಗದಲ್ಲಿ ಹೊಲಿಗೆಯ ರೇಷ್ಮೆಯ ಒಂದು ಎಳೆಯನ್ನು ಇರಿಸಿದಾಗ ಕೆಲವು ನೂರು ಬ್ಯಾಕ್ಟೀರಿಯಾಗಳೇ ಸಾಕಾದವು. ಒಂದು ಎಳೆಯ ಆಸರೆ ದೊರೆತದ್ದರಿಂದ ಶತ್ರುವಿನ ಬಲ ಹತ್ತು ಸಾವಿರ ಪಟ್ಟು ಹೆಚ್ಚಿದಂತಾಯಿತು. ರೇಷ್ಮೆಯ ಜಾಗದಲ್ಲಿ ಲೋಹವಿದ್ದರೂ ಪ್ಲಾಸ್ಟಿಕ್ ಇದ್ದರೂ ತತ್ವ ಒಂದೇ.

ಬಿ.ಎ.ಎಂ.ಎಸ್. ಓದುವಾಗ ನಾವು ಶಲ್ಯತಂತ್ರದ ಪಾಠದಲ್ಲಿ ಇದರ ಬೀಜವನ್ನು ಕಂಡಿದ್ದೆವು. ದೇಹದೊಳಗೆ ಹೊಕ್ಕು ಬಾಧಿಸುವ ಪ್ರತಿಯೊಂದು ಹೊರವಸ್ತುವನ್ನೂ ಸುಶ್ರುತರು ಶಲ್ಯವೆಂದು ಕರೆದರು. ಮೈಯೊಳಗೆ ಉಳಿದ ಶಲ್ಯ ಯಾವುದು, ಅದು ಯಾವ ವಸ್ತುವಿನದು ಎಂಬುದರ ಮೇಲೆ ಮುಂದಿನ ಪರಿಣಾಮ ನಿಲ್ಲುತ್ತದೆ ಎಂದೂ ಸುಶ್ರುತ ಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಬಂಗಾರ, ಬೆಳ್ಳಿ, ತಾಮ್ರ ಮೊದಲಾದ ಲೋಹಗಳು ಬಹುಕಾಲ ಉಳಿದರೆ ದೇಹದ ಉಷ್ಣದಿಂದ ಕರಗುತ್ತವೆ. ಕೊಂಬು, ಹಲ್ಲು, ಎಲುಬು, ಕಲ್ಲುಗಳು ಕರಗುವುದಿಲ್ಲ ಎಂಬ ವಿಂಗಡಣೆ ಅಲ್ಲಿದೆ. ವಸ್ತುವಿನ ಸ್ವಭಾವವನ್ನು ವಿಚಾರಿಸಬೇಕೆಂಬ ಆ ದೃಷ್ಟಿ ದೊಡ್ಡದು. ಆದರೆ ಸುಶ್ರುತರಿಗೆ ಶಲ್ಯವೆಂದರೆ ತೆಗೆಯಬೇಕಾದ ವಸ್ತು. ಇಂದಿನ ಕೃತಕ ಕೀಲು ನಾವು ಬೇಕೆಂದೇ ಒಳಗೆ ಬಿಟ್ಟುಕೊಂಡ ಶಲ್ಯ. ತೆಗೆಯದೆಯೇ ಅದನ್ನು ಕಾಪಾಡಿಕೊಳ್ಳಬೇಕಾದ ಹೊಣೆ ನಮ್ಮ ಕಾಲದ್ದು.

ಮೇಲ್ಮೈಗಾಗಿ ನಡೆಯುವ ಓಟ

ಕೃತಕ ಕೀಲು ಮೈಯೊಳಗೆ ಹೋದ ಕ್ಷಣದಿಂದಲೇ ರಕ್ತದಲ್ಲಿರುವ ಪ್ರೋಟೀನುಗಳು ಅದರ ಮೇಲೆ ತೆಳುವಾಗಿ ಹರಡಿಕೊಳ್ಳುತ್ತವೆ. ಕಂಪನಿಯವರು ಯಾವ ಲೇಪ ಕೊಟ್ಟಿರಲಿ, ಅದರ ಮೇಲೆ ದೇಹವು ತನ್ನದೇ ಆದ ಇನ್ನೊಂದು ಲೇಪವನ್ನು ಬಳಿಯುತ್ತದೆ. ಅನಂತರ ಎರಡು ಪಂಗಡಗಳು ಆ ಮೇಲ್ಮೈಯತ್ತ ಧಾವಿಸುತ್ತವೆ. ಒಂದು, ನಮ್ಮ ಎಲುಬಿನ ಮತ್ತು ಅಂಗಾಂಶದ ಕೋಶಗಳು. ಇನ್ನೊಂದು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಚರ್ಮದಿಂದಲೋ ಗಾಳಿಯಿಂದಲೋ ಬಿದ್ದಿರಬಹುದಾದ ಬ್ಯಾಕ್ಟೀರಿಯಾಗಳು. ಅಮೆರಿಕದ ಗ್ರಿಸ್ಟಿನಾ ಎಂಬ ವಿಜ್ಞಾನಿ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟವೆಂದು ಬಣ್ಣಿಸಿದರು. ನಮ್ಮ ಕೋಶಗಳು ಮೊದಲು ತಲುಪಿ ನೆಲೆನಿಂತರೆ ಕೀಲು ಉಳಿಯುತ್ತದೆ. ಬ್ಯಾಕ್ಟೀರಿಯಾ ಮೊದಲು ತಲುಪಿದರೆ ಕಷ್ಟಕಾಲ ಆರಂಭವಾಗುತ್ತದೆ.

ಬ್ಯಾಕ್ಟೀರಿಯಾ ಮೊದಲು ಬಂದು ಸಡಿಲವಾಗಿ ಕೂರುತ್ತದೆ; ಆಗ ಅದನ್ನು ತೊಳೆದು ಹಾಕಬಹುದು. ಕೆಲವೇ ಗಂಟೆಗಳಲ್ಲಿ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಜಾತಿಗಂತೂ ದೇಹ ಬಳಿದ ಆ ಪ್ರೋಟೀನ್ ಲೇಪವನ್ನೇ ಹಿಡಿದುಕೊಳ್ಳುವ ಕೊಂಡಿಗಳಿವೆ. ಬಳಿಕ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಲೋಳೆಯಂಥ ಪೊರೆಯೊಂದನ್ನು ಸುತ್ತಲೂ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಎಂದು ಕರೆಯುವುದು ಇದನ್ನೇ. ನಮ್ಮ ಮನೆಯ ಹಿತ್ತಲಿನ ಕಲ್ಲುದೋಣಿಯಲ್ಲಿ ನೀರು ಎಷ್ಟು ಬದಲಿಸಿದರೂ ಗೋಡೆಗೆ ಅಂಟಿದ ಪಾಚಿ ಹೋಗದೆ ಜಾರುತ್ತಿರುವುದನ್ನು ಎಲ್ಲರೂ ಬಲ್ಲರು. ಮೊಣಕಾಲಿನೊಳಗೂ ಅದೇ ಕಥೆ. ರಕ್ತದಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧದ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚು ಕೊಟ್ಟರೂ ಪೊರೆಯೊಳಗೆ ಅಡಗಿದ್ದು ಸಾಯದಿರಬಹುದು. ಲೋಹಕ್ಕೆ ರಕ್ತನಾಳಗಳಿಲ್ಲದ ಕಾರಣ ದೇಹದ ರಕ್ಷಕ ಕೋಶಗಳೂ ಅಲ್ಲಿಗೆ ಸುಲಭವಾಗಿ ಸೇರಲಾರವು. ಲೋಹಕ್ಕೆ ರೋಗ ಬರುವುದಿಲ್ಲವೆಂಬ ಆ ತಾಯಿಯ ಮಾತು ನಿಜವೇ, ಲೋಹಕ್ಕೆ ಜೀವವಿಲ್ಲ. ಜೀವವಿಲ್ಲದ್ದರಿಂದಲೇ ಅದು ತನ್ನನ್ನು ತಾನು ಕಾದುಕೊಳ್ಳಲಾರದು.

ಲೇಪಗಳ ಬಲವೂ ಮಿತಿಯೂ

ಈ ಓಟದಲ್ಲಿ ನಮ್ಮ ಕೋಶಗಳನ್ನು ಗೆಲ್ಲಿಸಲು ವಿಜ್ಞಾನಿಗಳು ಮೂರು ದಾರಿಗಳನ್ನು ಹಿಡಿದಿದ್ದಾರೆ. ಬ್ಯಾಕ್ಟೀರಿಯಾ ಅಂಟದಂತೆ ಜಾರಿಸುವ ಲೇಪ ಮೊದಲನೆಯದು. ಹತ್ತಿರ ಬಂದದ್ದನ್ನು ಕೊಲ್ಲುವ ಲೇಪ ಎರಡನೆಯದು. ಬೆಳ್ಳಿ, ಅಯೋಡಿನ್, ಜೆಂಟಾಮೈಸಿನ್‌ನಂಥ ಪ್ರತಿಜೀವಕಗಳು ಈ ಗುಂಪಿನವು. ಎಲುಬಿನ ಕೋಶಗಳನ್ನು ಬೇಗನೆ ಕರೆದುಕೊಳ್ಳುವ ಹೈಡ್ರಾಕ್ಸಿಅಪಟೈಟ್‌ನಂಥ ಲೇಪ ಮೂರನೆಯದು. ಮೇಲ್ಮೈಯನ್ನು ನುಣುಪಾಗಿಸುವುದೂ ಒಂದು ಉಪಾಯ. ಒರಟು ನೂಲಿಗೆ ಧೂಳು ಹೆಚ್ಚು ಹಿಡಿಯುವಂತೆ ಒರಟು ಲೋಹಕ್ಕೆ ಬ್ಯಾಕ್ಟೀರಿಯಾ ಹೆಚ್ಚು ಹಿಡಿಯುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಹಲ್ಲಿನ ಟೈಟಾನಿಯಂ ಭಾಗಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಒರಟುತನ ಸುಮಾರು 0.2 ಮೈಕ್ರೋಮೀಟರಿಗೆ ಇಳಿದ ಮೇಲೆ ಇನ್ನಷ್ಟು ನುಣುಪು ಮಾಡಿದರೂ ಅಂಟುವಿಕೆ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಅಲ್ಲದೆ ಎಲುಬು ಹಿಡಿದು ಬೆಳೆಯಬೇಕಾದ ಕಡೆ ಒರಟೇ ಬೇಕು. ಬ್ಯಾಕ್ಟೀರಿಯಾಕ್ಕೆ ಒಲ್ಲದ ಮೇಲ್ಮೈ ಎಷ್ಟೋ ಸಲ ನಮ್ಮ ಕೋಶಗಳಿಗೂ ಒಲ್ಲದ್ದಾಗುತ್ತದೆ. ಈ ವಿದ್ಯೆಯ ಕಠಿಣವಾದ ಗಂಟು ಇದೇ.

ಈ ಗಂಟಿನ ಅರಿವು ಜಗತ್ತಿಗೆ ಆದದ್ದು ಬೆಳ್ಳಿಯ ಮೂಲಕ. ಬೆಳ್ಳಿಯೆಂದರೆ ನಮ್ಮವರಿಗೆ ಶುದ್ಧಿಯ ಹೆಸರು. ಕೂಸಿಗೆ ಹಾಲು ಕುಡಿಸುವ ಬಟ್ಟಲಿನಿಂದ ಎದೆಯ ಮೇಲಿನ ಕರಡಿಗೆಯವರೆಗೆ ಬೆಳ್ಳಿಯನ್ನೇ ಬಯಸುತ್ತೇವೆ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದೂ ಸತ್ಯ. ಎಲುಬಿನ ಗಡ್ಡೆಯನ್ನು ತೆಗೆದ ಬಳಿಕ ಹಾಕುವ ದೊಡ್ಡ ಲೋಹದ ಅಂಗಗಳಿಗೆ ಬೆಳ್ಳಿಯ ಲೇಪ ಕೊಟ್ಟು ಸೋಂಕು ತಗ್ಗಿಸಿದ ಅನುಭವ ಯುರೋಪಿನಲ್ಲಿದೆ. ಆದರೆ 1990ರ ದಶಕದ ಕೊನೆಯಲ್ಲಿ ಹೃದಯದ ಕೃತಕ ಕವಾಟದ ಹೊಲಿಗೆಯ ಬಟ್ಟೆಯಂಚಿಗೆ ಬೆಳ್ಳಿ ಲೇಪಿಸಿದ ಸಿಲ್ಜೋನ್ ಎಂಬ ಬಗೆ ಬಂದಾಗ ಏನಾಯಿತೆಂಬುದನ್ನೂ ನೆನೆಯಬೇಕು. ಹೃದಯದ ಸೋಂಕನ್ನು ತಡೆಯುವುದೇ ಅದರ ಉದ್ದೇಶವಾಗಿತ್ತು. ಪರೀಕ್ಷೆ ನಡೆಯುತ್ತಿದ್ದಂತೆ, ಲೇಪವಿದ್ದ ಕವಾಟಗಳ ಪಕ್ಕದಿಂದ ರಕ್ತ ಸೋರುವ ಪ್ರಕರಣಗಳು ಲೇಪವಿಲ್ಲದವುಗಳಿಗಿಂತ ಹೆಚ್ಚೆಂದು ಕಂಡುಬಂದಿತು. 2000ನೆಯ ಇಸವಿಯ ಜನವರಿಯಲ್ಲಿ ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಶತ್ರುವನ್ನು ತಡೆಯಲು ಕಟ್ಟಿದ ಬೇಲಿ ಮನೆಯವರನ್ನೂ ಹೊರಗಿಟ್ಟರೆ ಆಗುವ ಸ್ಥಿತಿ ಅದು.

ನಮ್ಮ ನಾಡಿನಲ್ಲೂ ಈ ಕುರಿತು ಗಂಭೀರವಾದ ಕೆಲಸ ನಡೆದಿದೆ ಎಂಬುದು ಹೆಮ್ಮೆಯ ಸಂಗತಿ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ರೆಕ್ಕೆಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮುಳ್ಳುಗಳಿದ್ದು, ಅದರ ಮೇಲೆ ಕುಳಿತ ಬ್ಯಾಕ್ಟೀರಿಯಾದ ಮೈ ಹರಿದು ಅದು ಸಾಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು ಇದನ್ನೇ ಮಾದರಿಯಾಗಿಟ್ಟುಕೊಂಡು, ಟೈಟಾನಿಯಮ್ಮಿನ ಮೇಲ್ಮೈಯನ್ನು ಕೊರೆದು ಅಂಥ ಸೂಕ್ಷ್ಮ ಮೊನೆಗಳನ್ನು ಎಬ್ಬಿಸಿ, 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೀಗೆ ಮಾಡಿದ ಟೈಟಾನಿಯಂ ಕಪ್ಪಾಗಿ ಕಾಣುತ್ತದೆ. ಅಂಟಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಮೂರು ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತವು. ಆದರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೊದಲ ಹಂತದಲ್ಲಿ ಸತ್ತದ್ದು ಸುಮಾರು ಐದನೆಯ ಒಂದು ಪಾಲು ಮಾತ್ರ. 24 ಗಂಟೆಗಳ ಅವಕಾಶ ಕೊಟ್ಟಾಗ ಸುಮಾರು ಮುಕ್ಕಾಲು ಪಾಲು. ಈ ಜಾತಿಯ ಕೋಶಭಿತ್ತಿ ದಪ್ಪ. ಮೊನೆಗೆ ಸುಲಭವಾಗಿ ಬಗ್ಗುವುದಿಲ್ಲ. ಕೀಲುಗಳನ್ನು ಹೆಚ್ಚಾಗಿ ಕೆಡಿಸುವ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದೆಂಬುದನ್ನು ನೆನೆದರೆ, ಪ್ರಯೋಗಶಾಲೆಯ ಯಶಸ್ಸಿಗೂ ರೋಗಿಯ ಮೊಣಕಾಲಿಗೂ ನಡುವೆ ಇನ್ನೂ ಎಷ್ಟು ದಾರಿಯಿದೆ ಎಂಬುದು ತಿಳಿಯುತ್ತದೆ.

ಇನ್ನು ಬಂಗಾರದ ಲೇಪದ ಮಾತು. ಹೊಂಬಣ್ಣದ ಆ ಕೀಲುಗಳಲ್ಲಿ ಸಾಮಾನ್ಯವಾಗಿ ಇರುವುದು ಬಂಗಾರವಲ್ಲ. ಟೈಟಾನಿಯಂ ಮತ್ತು ನೈಟ್ರೋಜನ್ ಕೂಡಿದ, ಕೆಲವೊಮ್ಮೆ ನಿಯೋಬಿಯಂ ಸೇರಿದ ಗಟ್ಟಿ ಲೇಪ. ಲೋಹ ಸವೆಯದಿರಲಿ, ನಿಕಲ್, ಕೋಬಾಲ್ಟ್‌ನಂಥ ಅಂಶಗಳು ಮೈಗೆ ಸೋರದಿರಲಿ, ಅವು ಒಗ್ಗದವರಿಗೆ ತೊಂದರೆಯಾಗದಿರಲಿ ಎಂಬುದು ಅದರ ಮುಖ್ಯ ಉದ್ದೇಶ. ಸೋಂಕಿನ ವಿರುದ್ಧ ಅದು ಕವಚವಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ನಿಗದಿ ಪ್ರಾಧಿಕಾರವು ಮೊಣಕಾಲಿನ ಕೀಲುಗಳಿಗೆ ಗರಿಷ್ಠ ಬೆಲೆ ಕಟ್ಟಿದಾಗ, ತೆರಿಗೆ ಬಿಟ್ಟು ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಟೈಟಾನಿಯಂ ಮೊದಲಾದ ವಿಶೇಷ ಲೋಹದ್ದಕ್ಕೆ 76,600 ರೂಪಾಯಿ ಎಂದು ಗೊತ್ತುಮಾಡಿತು. ಖಣದ ಮಾರಾಟದಲ್ಲಿ ಬದುಕುವ ಕುಟುಂಬಕ್ಕೆ ಆ ವ್ಯತ್ಯಾಸವೂ ದೊಡ್ಡದೇ. ಲೋಹ ಒಗ್ಗದವರು ವೈದ್ಯರ ಸಲಹೆಯಂತೆ ಅಂಥ ಕೀಲನ್ನು ಹಾಕಿಸಿಕೊಳ್ಳಲಿ. ಸೋಂಕು ತಗಲದೆಂಬ ಭ್ರಮೆಗಾಗಿ ಸಾಲ ಮಾಡುವುದು ಬೇಡ.

ಔಷಧವನ್ನು ಕೂಡಿಸಿದ ಲೇಪ ಮತ್ತು ಸಿಮೆಂಟುಗಳ ಮಿತಿಯನ್ನು ನಮ್ಮ ನೇಕಾರ ಬಂಧುಗಳು ಒಂದೇ ಮಾತಿನಲ್ಲಿ ತಿಳಿಯಬಲ್ಲರು. ಹಾಸಿನ ನೂಲಿಗೆ ಗಂಜಿ ಹಚ್ಚುವುದು ಮಗ್ಗದ ಮೇಲಿನ ತಿಕ್ಕಾಟವನ್ನು ತಾಳಲೆಂದು. ನೇಯ್ದ ಬಟ್ಟೆಯನ್ನು ನಾಲ್ಕು ಸಲ ಒಗೆದ ಮೇಲೂ ಗಂಜಿ ಇರುತ್ತದೆಂದು ಯಾರೂ ನಂಬುವುದಿಲ್ಲ. ಜೆಂಟಾಮೈಸಿನ್ ಬೆರೆಸಿದ ಎಲುಬಿನ ಸಿಮೆಂಟನ್ನು ಜರ್ಮನಿಯ ಬುಖ್‌ಹೋಲ್ಟ್ಸ್ 1970ರ ಹೊತ್ತಿಗೆ ಬಳಕೆಗೆ ತಂದರು. ಇಂದಿಗೂ ಅದು ಉಪಯುಕ್ತ. ಅದರಿಂದ ಔಷಧ ಹೆಚ್ಚಾಗಿ ಹೊರಬರುವುದು ಮೊದಲ ಕೆಲವು ದಿನ, ಕೆಲವು ವಾರ. ಕೀಲು ಇರಬೇಕಾದದ್ದು ಹದಿನೈದು ಇಪ್ಪತ್ತು ವರ್ಷ. ಆ ಉಳಿದ ವರ್ಷಗಳಲ್ಲಿ ಬಿರಿದ ಹಿಮ್ಮಡಿ, ಕೊಳೆತ ಹಲ್ಲು, ಮೂತ್ರದ ಸೋಂಕು, ಆರದ ಹುಣ್ಣು ಇವುಗಳಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಎಂದು ಬೇಕಾದರೂ ಬಂದು ಆ ಲೋಹವನ್ನು ಹಿಡಿಯಬಹುದು.

ನಮ್ಮಿಂದಾದ ತಪ್ಪು

ಇಷ್ಟೆಲ್ಲ ಹೇಳುವ ನಾವು ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಹಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಮೊಣಕಾಲಿನ ಬಾವಿನೊಡನೆ ನಮ್ಮಲ್ಲಿಗೆ ಬಂದಿದ್ದರು. ಕೀಲು ಬದಲಿಸಿದ್ದು ನಮಗೆ ತಿಳಿದಿತ್ತು. ಜ್ವರವಿರಲಿಲ್ಲ, ಕೀವು ಕಾಣುತ್ತಿರಲಿಲ್ಲ. ಸಂಧಿವಾತವೆಂದು ಬಗೆದು ಅಭ್ಯಂಗ ಮಾಡಿಸಿದೆವು, ಪತ್ರಪಿಂಡ ಸ್ವೇದ ಕೊಟ್ಟೆವು, ಯೋಗರಾಜ ಗುಗ್ಗುಲು ಬರೆದೆವು. ನೋವು ಒಂದಿಷ್ಟು ಇಳಿದಾಗ ಅವರೂ ಹಿಗ್ಗಿದರು, ನಾವೂ ಹಿಗ್ಗಿದೆವು. ಮೂರು ವಾರ ಕಳೆಯಿತು. ಆಮೇಲೆ ಹಳೆಯ ಗಾಯದ ಗೆರೆಯ ಕೊನೆಯಲ್ಲಿ ಸಣ್ಣ ರಂಧ್ರವಾಗಿ ನೀರು ಜಿನುಗತೊಡಗಿತು. ಸೋಂಕಿನ ಲಕ್ಷಣಗಳು ತೋರಿದ ಸುಮಾರು ಮೂರು ವಾರಗಳ ಒಳಗಾದರೆ ಕೀಲನ್ನು ತೆರೆದು, ತೊಳೆದು, ಒಳಗಿನ ಪ್ಲಾಸ್ಟಿಕ್ ತುಂಡನ್ನಷ್ಟೇ ಬದಲಿಸಿ, ಲೋಹವನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ಪೊರೆ ಬಲಿತ ಮೇಲೆ ಆ ಅವಕಾಶ ಕ್ಷೀಣಿಸುತ್ತದೆ. ಆ ಮೂರು ವಾರಗಳನ್ನು ನಾವು ಎಣ್ಣೆಯಲ್ಲಿಯೂ ಶಾಖದಲ್ಲಿಯೂ ಕಳೆದಿದ್ದೆವು. ಗುರುಗಳ ಕೀಲನ್ನು ಹೊರತೆಗೆಯಬೇಕಾಯಿತು. ಕೆಲವು ತಿಂಗಳು ಔಷಧ ಬೆರೆಸಿದ ಸಿಮೆಂಟಿನ ತುಂಡನ್ನಿಟ್ಟುಕೊಂಡು ಹಾಸಿಗೆ ಹಿಡಿದು, ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲಿ ಹೊಸ ಕೀಲು ಹಾಕಿಸಿಕೊಂಡರು. ಆಮೇಲೆ ಅವರು ಕೋಲಿಲ್ಲದೆ ನಡೆಯಲಿಲ್ಲ. ನಮ್ಮನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅದು ನಮಗೆ ಇಂದಿಗೂ ಭಾರವಾಗಿದೆ.

ವ್ರಣಶೋಥದ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ನಾವು ಓದಿದ್ದೆವು. ಪಕ್ವವಾದುದನ್ನು ಅಜ್ಞಾನದಿಂದ ಉಪೇಕ್ಷಿಸುವ ವೈದ್ಯನನ್ನು ಸುಶ್ರುತರು ಎಷ್ಟು ಕಠೋರವಾಗಿ ಖಂಡಿಸಿದ್ದಾರೆಂಬುದನ್ನೂ ಓದಿದ್ದೆವು. ಶಾಸ್ತ್ರ ತಪ್ಪಿರಲಿಲ್ಲ, ನಾವು ತಪ್ಪಿದ್ದೆವು. ಆದುದರಿಂದ ಆಯುರ್ವೇದದ ಸಹೋದ್ಯೋಗಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಒಳಗೆ ಲೋಹವಿರುವ ಕೀಲು ಬಿಸಿಯಾಗಿ ಬಾತುಕೊಂಡಿದ್ದರೆ ಅಲ್ಲಿ ನಮ್ಮ ಪಂಚಕರ್ಮಕ್ಕೆ ಕೆಲಸವಿಲ್ಲ. ಅಭ್ಯಂಗ, ಸ್ವೇದ, ಜಾನುಬಸ್ತಿ, ಜಿಗಣೆ ಯಾವುದೂ ಸಲ್ಲದು. ಕಳಿಸಿಕೊಡುವುದರಿಂದ ನಮ್ಮ ಶಾಸ್ತ್ರಕ್ಕೆ ಕುಂದಿಲ್ಲ.

ನಾವೆಲ್ಲರೂ ಮಾಡಬಹುದಾದುದು

ಶಸ್ತ್ರಚಿಕಿತ್ಸೆಗೆ ಮೊದಲು ಮಾಡಬೇಕಾದದ್ದು ಬಹಳ. ಮಧುಮೇಹ ಹತೋಟಿಗೆ ಬರಲಿ. ಹಲ್ಲು, ಒಸಡುಗಳ ಚಿಕಿತ್ಸೆ ಮುಗಿಯಲಿ. ಬಿರಿದ ಹಿಮ್ಮಡಿ, ಬೆರಳ ಸಂದಿಯ ಕೆಸರುಹುಣ್ಣು ಮಾಯಲಿ. ಇಲ್ಲಿ ನಮ್ಮ ಆಯುರ್ವೇದದ ಎಣ್ಣೆ ಮುಲಾಮುಗಳು ಧಾರಾಳವಾಗಿ ಒದಗುತ್ತವೆ. ತಂಬಾಕನ್ನು ಬಿಡಲಿ. ನೂರು ಜನರಲ್ಲಿ ಸುಮಾರು ಮೂವತ್ತು ಜನರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ನೆಲೆಸಿರುತ್ತದೆ. ಶಸ್ತ್ರವೈದ್ಯರು ಮೂಗಿಗೆ ಮುಲಾಮು, ಮೈಗೆ ಔಷಧದ ಸ್ನಾನ ಹೇಳಿದರೆ ಅದನ್ನು ಕಡೆಗಣಿಸಬಾರದು. ಶುಚಿತ್ವದಿಂದ ಎಷ್ಟು ಸಾಧ್ಯವೆಂಬುದಕ್ಕೆ ಸಾಕ್ಷಿ ಬೇಕೆ? ಸೊಂಟದ ಕೀಲು ಬದಲಾವಣೆಗೆ ಇಂದಿನ ರೂಪ ಕೊಟ್ಟ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರ ಮೊದಲ ವರ್ಷಗಳಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಸೋಂಕು ತಗಲುತ್ತಿತ್ತು. ಶಸ್ತ್ರಕೋಣೆಯ ಗಾಳಿ, ಉಡುಪು, ಕೈಗವಸುಗಳನ್ನು ಸುಧಾರಿಸುತ್ತ 1970ರ ಹೊತ್ತಿಗೆ ಅವರು ಅದನ್ನು ಒಂದಕ್ಕಿಂತ ಕೆಳಗಿಳಿಸಿದರು. ಯಾವ ಲೇಪವೂ ಇಲ್ಲದೆ ದೊರೆತ ಫಲ ಅದು. ಗಾಯಗೊಂಡವನ ಕೋಣೆಗೆ ಬೇವು, ಸಾಸಿವೆಗಳ ಧೂಪ ಹಾಕಿರೆಂದು, ಅವನ ಉಗುರು ಕೂದಲು ಚಿಕ್ಕದಾಗಿರಲೆಂದು ಹೇಳಿದ ಸುಶ್ರುತರ ಕಾಳಜಿಯೂ ಈ ಜಾತಿಯದೇ.

ಶಸ್ತ್ರಚಿಕಿತ್ಸೆಯ ಬಳಿಕ ಕೀಲು ಬಿಸಿಯಾದರೆ, ಬಾತರೆ, ಗಾಯದಿಂದ ನೀರು ಜಿನುಗಿದರೆ, ನಿಂತಿದ್ದ ನೋವು ಮತ್ತೆ ಹುಟ್ಟಿದರೆ ಅಂದೇ ಶಸ್ತ್ರವೈದ್ಯರನ್ನು ಕಾಣಬೇಕು. ಅಂಗಡಿಯಿಂದ ಪ್ರತಿಜೀವಕದ ಗುಳಿಗೆ ತಂದು ನುಂಗಬಾರದು. ಕೀಲಿನ ನೀರು ತೆಗೆದು ಪರೀಕ್ಷಿಸುವ ಮುನ್ನ ಗುಳಿಗೆ ನುಂಗಿದರೆ ಬ್ಯಾಕ್ಟೀರಿಯಾ ಅಡಗಿ, ಪರೀಕ್ಷೆಯಲ್ಲಿ ಅದರ ಜಾತಿಯೇ ತಿಳಿಯದೆ ಹೋಗುತ್ತದೆ. ಸಾಮಾನ್ಯವಾಗಿ ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಇಂಥ ಸೋಂಕು ಬರುವುದರಿಂದ ಕೀಲು ಬದಲಿಸಿಕೊಳ್ಳಲು ಹೆದರಬೇಕಾಗಿಲ್ಲ. ಆ ಒಬ್ಬಿಬ್ಬರಲ್ಲಿ ನಾವಿದ್ದರೆ ತಡ ಮಾಡಬಾರದು, ಅಷ್ಟೆ.

ಶ್ರೀಮಠದ ಆರೋಗ್ಯ ಶಿಬಿರಗಳಿಗೂ ನಮ್ಮದೊಂದು ಸಲಹೆಯಿದೆ. ಹೆಸರು, ವಯಸ್ಸು, ರಕ್ತದೊತ್ತಡ, ಸಕ್ಕರೆಗಳನ್ನು ಬರೆದುಕೊಳ್ಳುವ ಚೀಟಿಯಲ್ಲಿ ಇನ್ನೊಂದು ಪ್ರಶ್ನೆ ಸೇರಲಿ: ಮೈಯೊಳಗೆ ಲೋಹವಿದೆಯೆ, ಇದ್ದರೆ ಎಲ್ಲಿ? ಮಾಲೀಸು, ಶಾಖಗಳಿಗೆ ಸಾಲು ನಿಲ್ಲಿಸುವ ಮೊದಲೇ ಈ ಪ್ರಶ್ನೆ ಕೇಳಿದರೆ ಒಂದು ಮೊಣಕಾಲಾದರೂ ಉಳಿದೀತು. ಕಾಗದದ ಮೇಲೆ ಒಂದು ಸಾಲಿನ ಖರ್ಚು ಮಾತ್ರ.

ಮೊದಲು ಹೇಳಿದ ಆ ತಾಯಿ ಐದನೆಯ ದಿನವೇ ಶಸ್ತ್ರವೈದ್ಯರ ಮುಂದಿದ್ದರು. ಕೀಲಿನ ನೀರಿನಲ್ಲಿ ಬ್ಯಾಕ್ಟೀರಿಯಾ ಕಂಡಿತು. ಕೀಲು ತೆರೆದು ತೊಳೆದರು, ಪ್ಲಾಸ್ಟಿಕ್ ತುಂಡು ಬದಲಿಸಿದರು, ಮೂರು ತಿಂಗಳು ಔಷಧ ಕೊಟ್ಟರು. ಹೊಂಬಣ್ಣದ ಲೋಹ ಅಲ್ಲಿಯೇ ಉಳಿಯಿತು. ಬನಶಂಕರಿ ಜಾತ್ರೆಯ ಹೊತ್ತಿಗೆ ಅವರು ಮಗನ ಭುಜ ಹಿಡಿಯದೆ ನಮ್ಮ ಮೆಟ್ಟಿಲೇರಿ ಬಂದು, ಬಿರಿದ ಹಿಮ್ಮಡಿಗೆ ಎಣ್ಣೆ ಕೇಳಿದರು. ಈ ಸಲ ನಾವು ಸಂತೋಷದಿಂದ ಕೊಟ್ಟೆವು.